ಮನೆಗೊಬ್ಬರು

ಗಿರಣಿಯವರು ಸಿದ್ದರಾಜುವನ್ನು ಕೆಲಸದಿಂದ ತೆಗೆದ ಸುದ್ದಿ ಅವನ ಹೆಂಡತಿ ಶಿವನಂಜಮ್ಮನಿಗೆ ತಿಳಿದದ್ದು ಬೀದಿ ನಲ್ಲಿಯ ಹತ್ತಿರ. ವಿದ್ಯಾರಣ್ಯಪುರದ ಆ ವಠಾರದಲ್ಲಿ ಏನೇ ಆದರೂ ಮೊದಲು ನಲ್ಲಿಗೆ ಗೊತ್ತಾಗುತ್ತಿತ್ತು, ಆಮೇಲೆ ಮನೆಗೆ. ಪಕ್ಕದ ಮನೆಯ ಲಕ್ಷ್ಮಮ್ಮ ಅದೇ ಗಿರಣಿಯಲ್ಲಿ ನೂಲು ಸುತ್ತುವವಳು. ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಳ್ಳುತ್ತ, “ಹಳೇ ಶೆಡ್ಡು ಮುಚ್ಚೇಬುಟ್ರಲ್ಲ ಕಣಮ್ಮ, ನಿಮ್ಮನೇವ್ರು ಏನಂದ್ರು?” ಎಂದು ಕೇಳಿದಳು. ಮನೆಯವರು ಏನೂ ಅಂದಿರಲಿಲ್ಲ. ಬೆಳಿಗ್ಗೆ ಎಂದಿನಂತೆ ಊಟದ ಡಬ್ಬಿ ಹಿಡಿದುಕೊಂಡು ಹೊರಟಿದ್ದ.

ಸಂಜೆ ಅವನು ಬಂದು ಕೈಕಾಲು ತೊಳೆದು ಕೂತಾಗ ಅವಳೇ ಕೇಳಿದಳು.

“ಕೆಲಸ ಹೋಯ್ತಂತೆ?”

“ಹೂಂ. ನಾಳೆ ಹೇಳೋಣ ಅಂತಿದ್ದೆ.”

ನಾಳೆ ಹೇಳೋಣ ಎನ್ನುವುದು ಸಿದ್ದರಾಜುವಿನ ಹುಟ್ಟುಗುಣ. ಕೆಟ್ಟವನಲ್ಲ. ಕುಡಿಯುವವನಲ್ಲ, ಹೊಡೆಯುವವನಲ್ಲ. ಎದುರಿಗಿರುವವರ ಮುಖ ಬಾಡುವುದನ್ನು ನೋಡಲಾರ, ಅಷ್ಟೆ. ಅದಕ್ಕೇ ಅಪ್ರಿಯವಾದದ್ದನ್ನೆಲ್ಲ ನಾಳೆಗೆ ತಳ್ಳುತ್ತಿದ್ದ. ನಾಳೆ ಬಂದಾಗ ಆ ಕೆಲಸವನ್ನು ಬೇರೆ ಯಾರಾದರೂ ಮಾಡಿ ಮುಗಿಸಿರುತ್ತಿದ್ದರು. ಇಂಥವರನ್ನು ಊರು ಮೃದುಸ್ವಭಾವದವರು ಎಂದು ಹೊಗಳುತ್ತದೆ. ಅವರ ಜೊತೆ ಸಂಸಾರ ಮಾಡುವವರನ್ನು ಯಾರೂ ಕೇಳುವುದಿಲ್ಲ.

ಆಣೆ ಹೋಗಿ ನಯಾಪೈಸೆ ಬಂದು ಎರಡು ವರ್ಷವಾಗಿದ್ದ ಕಾಲ. ನಂಜನಗೂಡು ರಸ್ತೆಯ ಆ ನೂಲಿನ ಗಿರಣಿಗೆ ಹೊಸ ಯಂತ್ರಗಳು ಬಂದಿದ್ದವು. ಹಳೆಯ ಯಂತ್ರಗಳ ಜೊತೆ ಹಳೆಯ ಆಳುಗಳೂ ಬೇಡವಾದರು. ಮನೆಯಲ್ಲಿ ಶಿವನಂಜಮ್ಮ, ಸಿದ್ದರಾಜು, ಅವನ ತಾಯಿ ಬೆಟ್ಟಮ್ಮ, ಒಬ್ಬಳೇ ಮಗಳು ಚಾಮುಂಡೇಶ್ವರಿ. ಮಗಳಿಗೆ ಹದಿನೈದು ವರ್ಷ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಕಟ್ಟುವವಳು. ಓದುತ್ತೇನೆ ಎಂದು ಹಟ ಹಿಡಿದಿದ್ದಳು. ಓದಿಸುತ್ತೇನೆ ಎಂದು ಅವಳ ತಾಯಿ ಅದಕ್ಕಿಂತ ದೊಡ್ಡ ಹಟ ಹಿಡಿದಿದ್ದಳು.

ಒಂದು ವಾರ ಕಳೆದು ಗಿರಣಿಯಿಂದ ಪರಿಹಾರದ ಹಣ ಬಂತು. ಒಂದೊಂದು ವರ್ಷದ ನೌಕರಿಗೆ ಹದಿನೈದು ದಿನದ ಸಂಬಳ. ಸಿದ್ದರಾಜು ಅದನ್ನು ಪಂಚೆಯ ಮಡಿಲಲ್ಲಿ ತಂದು ಹಾಗೆಯೇ ಹೆಂಡತಿಯ ಕೈಗೆ ಹಾಕಿದ. ಅವಳಿಗೆ ಕಣ್ಣು ತುಂಬಿ ಬಂತು. ಎಷ್ಟು ಗಂಡಸರು ಹೀಗೆ ಕೊಡುತ್ತಾರೆ? ಅಂಗಡಿಯ ಬಾಕಿ ತೀರಿಸಿದಳು. ಬಾಡಿಗೆಯನ್ನು ಮುಂಗಡವಾಗಿ ಕಟ್ಟಿದಳು. ಮಿಕ್ಕದ್ದನ್ನು ಅಕ್ಕಿಯ ಡಬ್ಬದಲ್ಲಿಟ್ಟಳು. ಅಕ್ಕಿಯೇನೂ ಅದರಲ್ಲಿ ಹೆಚ್ಚಿರಲಿಲ್ಲ.

“ಇನ್ನೇನೂ ಬರೋದಿಲ್ವಾ?” ಎಂದು ಕೇಳಿದಳು.

“ಪ್ರಾವಿಡೆಂಟ್ ಫಂಡು ಅಂತ ಒಂದದೆ. ಅದು ನಿಧಾನಕ್ಕೆ ಬತ್ತದೆ.”

“ಇನ್ನೇನೂ ಇಲ್ವಾ?”

“ಇನ್ನೇನಿರ್ತದೆ?” ಎಂದು ಅವನು ಎದ್ದು ಬಚ್ಚಲಿಗೆ ಹೋದ.

ಇನ್ನೊಂದು ಇತ್ತು. ಅದನ್ನು ಹೇಳಿದವಳು ಮತ್ತೆ ಲಕ್ಷ್ಮಮ್ಮನೇ. ಗಿರಣಿಗೂ ಸಂಘಕ್ಕೂ ಒಪ್ಪಂದವಾಗಿದೆಯಂತೆ. ದೀಪಾವಳಿ ಕಳೆದ ಮೇಲೆ ಹೊಸ ಶೆಡ್ಡು ತೆರೆಯುತ್ತಾರೆ. ಕೆಲಸ ಕಳೆದುಕೊಂಡವರನ್ನಲ್ಲ, ಅವರ ಮನೆಯಿಂದ ಮನೆಗೊಬ್ಬರನ್ನು ತೆಗೆದುಕೊಳ್ಳುತ್ತಾರೆ. ಗಂಡಾದರೂ ಸೈ, ಹೆಣ್ಣಾದರೂ ಸೈ. ಹೆಣ್ಣಾದರೆ ನೂಲು ಸುತ್ತುವ ಕೆಲಸ.

“ನೀನ್ಯಾಕೆ ಬರಬಾರ್ದು?” ಎಂದಳು ಲಕ್ಷ್ಮಮ್ಮ. “ನನಗೂ ಜೊತೆ ಆಯ್ತದೆ.”

ಶಿವನಂಜಮ್ಮ ಅರೆಗಳಿಗೆ ಅಲ್ಲೇ ನಿಂತಳು. ಹಿಂದಿನ ಹೆಂಗಸು “ನಿನ್ ಕೊಡ ತುಂಬಿ ಚೆಲ್ತಾ ಅದೆ” ಎಂದು ಬೈದ ಮೇಲೆಯೇ ಅವಳಿಗೆ ಎಚ್ಚರ.

ಮಾರನೆಯ ದಿನ ಅಡುಗೆ ಮುಗಿಸಿ, ಸಂಘದ ಆಫೀಸಿಗೆ ತಾನೇ ಹೋದಳು. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ ಅದು. ಸಂಘದ ಜವರಯ್ಯ ಬೆಂಚಿನ ಮೇಲೆ ಕೂತು ಕಡಲೆಪುರಿ ತಿನ್ನುತ್ತಿದ್ದರು. ಹೆಂಗಸನ್ನು ಕಂಡು ಕೈ ಒರೆಸಿಕೊಂಡರು.

“ನಮ್ಮೋರ ಕೆಲಸ ಹೋಗ್ಯದೆ. ನಮ್ಗೆ ಏನೇನು ಬರಬೇಕು ಅಂತ ತಿಳ್ಕೊಂಡು ಹೋಗೋಣ ಅಂತ ಬಂದೆ.”

“ಯಾರ ಮನೆಯವರಮ್ಮ? ಯಜಮಾನ್ರ ಹೆಸರೇನು?”

ಶಿವನಂಜಮ್ಮ ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಗಂಡನ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಜನಗಣತಿಯವರು ಬಂದಾಗಲೂ ಅತ್ತೆಯನ್ನು ಕರೆದು ಹೇಳಿಸಿದ್ದಳು. ಅವರ ಪೈಕಿ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬ ಮಾತು. ಪಕ್ಕದಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲ.

ಜವರಯ್ಯನಿಗೆ ಇದು ಹೊಸದಲ್ಲ. ಅವರ ಮನೆಯವರೂ ಹೀಗೆಯೇ. “ಸರಿ ಬುಡಿ, ನಿಯಮ ಎಲ್ರಿಗೂ ಒಂದೇ” ಎಂದು ನಕ್ಕು ವಿವರವಾಗಿ ಹೇಳಿದರು. ಪರಿಹಾರ ಇಷ್ಟು, ಅದು ಬಂದಿರಬೇಕು. ಫಂಡಿನ ಹಣಕ್ಕೆ ಅರ್ಜಿ ಹೋಗಿದೆ, ಕೆಲವು ತಿಂಗಳು ಹಿಡಿಯುತ್ತದೆ. ಮೂರನೆಯದು ಹೊಸ ಶೆಡ್ಡಿನಲ್ಲಿ ಮನೆಗೊಬ್ಬರಿಗೆ ಕೆಲಸ.

“ಹೆಂಡ್ತಿ ಬರಬಹುದಾ?”

“ಧಾರಾಳವಾಗಿ. ಆದ್ರೆ ಕಡಿದ ನೂಲಿಗೆ ಗಂಟು ಹಾಕೋದು ಬರಬೇಕು. ಮೇಸ್ತ್ರಿ ಪರೀಕ್ಷೆ ಮಾಡ್ತಾರೆ.”

ಅವಳು ಕೈಮುಗಿದು ಮೆಟ್ಟಿಲಿಳಿದಳು. ಎಲ್ಲವೂ ತಿಳಿಯಿತು ಎಂದುಕೊಂಡಳು. ತನ್ನ ಮನೆಯ ಲೆಕ್ಕವನ್ನು ಕೇಳಲು ಹೋದವಳು ಊರಿನ ಲೆಕ್ಕವನ್ನು ಕೇಳಿಕೊಂಡು ಬಂದಿದ್ದೇನೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ?

ಅಂದು ಹುರುಳಿಕಾಳಿನ ಬಸ್ಸಾರು. ಎಲ್ಲರಿಗೂ ಬಡಿಸುತ್ತ ಅವಳು ವಿಷಯ ಎತ್ತಿದಳು. ಸಿದ್ದರಾಜುವಿನ ಕೈ ತಟ್ಟೆಯಲ್ಲೇ ನಿಂತಿತು.

“ಆ ಧೂಳಿನ ಕೆಲಸ ನಿನಗ್ಯಾಕೆ?”

“ಧೂಳು ಒಲೇಲೂ ಅದೆ. ಸಂಬಳ ಇಲ್ಲ ಅಷ್ಟೆ.”

ಬೆಟ್ಟಮ್ಮ ಮುದ್ದೆ ಮುರಿಯುತ್ತ, “ಗಂಡ ಮನೇಲಿ ಕೂತಿರೋದು, ಹೆಂಡ್ತಿ ಡಬ್ಬಿ ಹಿಡ್ಕೊಂಡು ಗೇಟಿಗೆ ಓಗೋದು. ಚೆಂದಾಗದೆ” ಎಂದಳು.

“ಅತ್ತೆ ದುಡೀತಾರಲ್ಲ ಅಜ್ಜಿ” ಎಂದಳು ಚಾಮುಂಡೇಶ್ವರಿ. ಅವಳು ಹೇಳಿದ್ದು ಸಿದ್ದರಾಜುವಿನ ಅಕ್ಕ ದೇವಿರಮ್ಮನ ವಿಷಯ. ಲಕ್ಷ್ಮೀಪುರಂನಲ್ಲಿ ವಕೀಲರೊಬ್ಬರ ಮನೆಯಲ್ಲಿ ಪಾತ್ರೆ ತೊಳೆದು, ಅವರ ಹಿತ್ತಲ ಕೋಣೆಯಲ್ಲೇ ಮಗನನ್ನು ಸಾಕಿದವಳು ದೇವಿರಮ್ಮ.

“ಅವಳಿಗೆ ಗಂಡ ಇಲ್ಲ. ನಿಮ್ಮವ್ವನಿಗೆ ಅವ್ನೆ.”

“ಇರೋ ಗಂಡನಿಗೂ ಊಟ ಬೇಕಲ್ಲ ಅಜ್ಜಿ.”

“ನಾಲಿಗೆ ನೋಡು ಇವಳ್ದು. ಇದಕ್ಕೇನಾ ಸ್ಕೂಲಿಗೆ ಕಳ್ಸೋದು?”

ಸಿದ್ದರಾಜು ನಡುವೆ ಕೈ ಎತ್ತಿ, “ಬುಡವ್ವ, ಇನ್ನೂ ದೀಪಾವಳಿ ಆಗಬೇಕು. ನೋಡೋಣ” ಎಂದ. ನೋಡೋಣ ಎಂದರೆ ಹೂಂ ಎಂದೇ ಶಿವನಂಜಮ್ಮ ತಿಳಿದಳು. ಬೇಡ ಎನ್ನಬೇಕಾದವನು ಬೇಡ ಎನ್ನದಿದ್ದರೆ ಮತ್ತೇನು ತಿಳಿಯಬೇಕು?

ಅಂದಿನಿಂದ ಮಧ್ಯಾಹ್ನ ಲಕ್ಷ್ಮಮ್ಮ ಪಾಳಿ ಮುಗಿಸಿ ಬಂದ ಮೇಲೆ ಅವಳ ಜಗಲಿಯಲ್ಲಿ ಕೂತು ಶಿವನಂಜಮ್ಮ ಗಂಟು ಹಾಕುವುದನ್ನು ಕಲಿತಳು. ಹೇಳಲು ಸುಲಭ. ಕಡಿದ ನೂಲಿನ ಎರಡು ತುದಿಗಳನ್ನು ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಅಡ್ಡಡ್ಡ ಹಿಡಿದು, ಒಂದನ್ನು ಉಗುರಿನ ಮೇಲಿಂದ ಸುತ್ತಿ ತಂದು, ಇನ್ನೊಂದನ್ನು ಅದರೊಳಗೆ ಮಡಿಸಿ ಎಳೆಯಬೇಕು. ಗಂಟು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬಾರದು, ಎಳೆದರೆ ಬಿಚ್ಚಬಾರದು. ರಾಗಿ ಮುದ್ದೆ ತಿರುವಿ ಗಟ್ಟಿಯಾದ ಶಿವನಂಜಮ್ಮನ ಬೆರಳಿಗೆ ಆ ಎಳೆ ಇದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಮೊದಲ ದಿನಗಳಲ್ಲಿ ಎಳೆದದ್ದೆಲ್ಲ ಬಿಚ್ಚಿಕೊಂಡಿತು.

“ಬಿಗಿಯಾಗಿ ಹಿಡೀಬೇಡ. ಮಗೂಗೆ ಜಡೆ ಹಾಕ್ದಂಗೆ ಹಿಡಿ” ಎಂದಳು ಲಕ್ಷ್ಮಮ್ಮ.

ಮನೆಯಲ್ಲಿ ಅಭ್ಯಾಸ ಮಾಡಲು ನೂಲು ಬೇಕಾಯಿತು. ಗಂಡನನ್ನು ಕೇಳಿದಳು. ಸಿದ್ದರಾಜು ಆಗ ಸೌದೆ ಡಿಪೋದಲ್ಲಿ ದಿನಗೂಲಿಗೆ ತೂಕ ಹಾಕುತ್ತಿದ್ದ. ಎರಡು ದಿನ ಬಿಟ್ಟು, ಗಿರಣಿಯ ಗೇಟಿನ ಹತ್ತಿರ ಯಾರನ್ನೋ ಹಿಡಿದು ಒಂದು ಕೈಚೀಲದ ತುಂಬ ಕಸದ ನೂಲು ತಂದುಕೊಟ್ಟ. “ಸಾಕಾ?” ಎಂದು ಕೇಳಿದ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ತಾನು ಕಾಫಿ ಕುಡಿಯದೆ ಉಳಿಸಿದ್ದ ಬೆಲ್ಲದಲ್ಲಿ ಅವನಿಗೊಂದು ಲೋಟ ಮಾಡಿಕೊಟ್ಟಳು.

ವಾರಗಳು ಕಳೆದವು. ಎರಡು ಹೊತ್ತೂ ಮುದ್ದೆ, ಉಪ್ಪೆಸರು. ಅನ್ನ ಭಾನುವಾರಕ್ಕೆ. ದೇವರಾಜ ಮಾರುಕಟ್ಟೆಗೆ ಅವಳು ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಹೋಗಿ ಬಾಡಿದ ಸೊಪ್ಪು ತರುತ್ತಿದ್ದಳು. ಪಾತ್ರೆ ತೊಳೆದ ಮೇಲೆ ಬಾಗಿಲ ಬೆಳಕಿನಲ್ಲಿ ನೂಲು ಹಿಡಿದು ಕೂರುವಳು. ಮಗಳು ಪಕ್ಕದಲ್ಲಿ ಕೂತು ಲೆಕ್ಕ ಬಿಡಿಸುತ್ತ, ನಡುನಡುವೆ ಗಂಟು ಎಳೆದು ನೋಡಿ, “ಇದು ಪಾಸು, ಇದು ಫೇಲು” ಎನ್ನುವಳು. ಸಿದ್ದರಾಜು ಗೋಡೆಗೆ ಒರಗಿ ನೋಡುತ್ತಿದ್ದ. ಒಮ್ಮೆ ಎದ್ದು ಬಂದು ಒಂದು ಗಂಟನ್ನು ಬೆಳಕಿಗೆ ಹಿಡಿದು, “ಚೆನ್ನಾಗ್ ಹಾಕ್ತೀಯ” ಎಂದ. ಆ ಮಾತು ಅವಳ ಮನಸ್ಸಿನಲ್ಲಿ ಎಷ್ಟೋ ದಿನ ಉಳಿಯಿತು.

ಬೆಟ್ಟಮ್ಮ ಮಾತ್ರ, “ಸುಮ್ಕೆ ಕಣ್ಣು ಹಾಳು ಮಾಡ್ಕೋಬೇಡ ಕಣೆ, ನಿದ್ದೆಯಾದ್ರೂ ಮಾಡು” ಎನ್ನುತ್ತಿದ್ದಳು. ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡಳು ಶಿವನಂಜಮ್ಮ.

ಆ ನಡುವೆ ದೇವಿರಮ್ಮ ಬಂದು ಹೋದಳು. ವಕೀಲರ ಹಿತ್ತಲಿನ ಬದನೆಕಾಯಿ ತಂದಿದ್ದಳು. ಎಂದೂ ಇಲ್ಲದ ಹಾಗೆ ತಾನೇ ಕೂತು ಪಾತ್ರೆ ಉಜ್ಜಿದಳು. ತಮ್ಮನ ಹೆಂಡತಿಯನ್ನು “ಬಡವಾಗಿದ್ದೀಯಲ್ಲ ತಾಯಿ” ಎಂದು ಮಾತಾಡಿಸಿದಳು. ಚಾಮುಂಡೇಶ್ವರಿಯನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚಿದಳು.

“ಪ್ರಭುಸ್ವಾಮಿ ಹೇಗಿದ್ದಾನೆ ಅತ್ತಿಗೆ? ಎಲ್ಲಾದ್ರೂ ಕೆಲಸ ಸಿಕ್ತಾ?” ಎಂದು ಶಿವನಂಜಮ್ಮ ಕೇಳಿದಳು. ಪ್ರಭುಸ್ವಾಮಿ ದೇವಿರಮ್ಮನ ಮಗ. ಇಪ್ಪತ್ತೆರಡರ ಹುಡುಗ.

“ದೇವರು ಕಣ್ಣು ಬುಡ್ತಾನೆ” ಎಂದಳು ದೇವಿರಮ್ಮ, ಅವಳ ಮುಖ ನೋಡದೆ.

ದೀಪಾವಳಿ ಕಳೆಯಿತು. ಮುಂದಿನ ಸೋಮವಾರ ಹೊಸ ಶೆಡ್ಡಿಗೆ ಆಳು ತೆಗೆಯುತ್ತಾರೆ ಎಂದು ಲಕ್ಷ್ಮಮ್ಮ ಹೇಳಿದಳು. ಭಾನುವಾರ ಸಿದ್ದರಾಜು ಹೆಂಡತಿಯ ಹತ್ತಿರ ಎರಡು ಸಲ ಬಂದು ನಿಂತ. “ಏನು?” ಎಂದು ಕೇಳಿದಳು. “ಏನಿಲ್ಲ, ನಾಳೆ ಮಾತಾಡೋಣ” ಎಂದ. ಸೋಮವಾರ ಅವಳು ಏಳುವ ಮೊದಲೇ ಸೌದೆ ಡಿಪೋಗೆ ಹೋಗಿಬಿಟ್ಟಿದ್ದ.

ಅವಳು ತಲೆಗೆ ಸ್ನಾನ ಮಾಡಿ, ಮದುವೆ ಮನೆಗಳಿಗೆಂದು ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟು, ಲಕ್ಷ್ಮಮ್ಮನ ಜೊತೆ ಹೊರಟಳು. ಗೇಟಿನ ಮುಂದೆ ಐವತ್ತು ಅರವತ್ತು ಜನ. ಕಿಟಕಿಯ ಹಿಂದೆ ಟೈಂಕೀಪರ್, ಪಕ್ಕದಲ್ಲಿ ಸಂಘದ ಜವರಯ್ಯ. ಸರದಿ ಬಂತು.

“ಯಾರ ಮನೆ?”

ಲಕ್ಷ್ಮಮ್ಮ ತನ್ನ ಪಾಳಿಗೆ ಒಳಗೆ ಹೋಗಿಯಾಗಿತ್ತು. ಹಿಂದೆ ಜನ ನೂಕುತ್ತಿದ್ದರು. ಹಸಿವು ಅವಳ ಮನೆಯದು, ಮಗಳು ಅವಳವಳು, ಕಲಿತ ಕೈ ಅವಳದು. ದೇವರು ಕ್ಷಮಿಸಲಿ ಎಂದುಕೊಂಡು ಹೇಳಿಯೇಬಿಟ್ಟಳು.

“ಸಿದ್ದರಾಜು ಮನೆ. ಹಳೇ ಶೆಡ್ಡಿನ ಸಿದ್ದರಾಜು.”

ಟೈಂಕೀಪರ್ ತಲೆ ಎತ್ತುವ ಮೊದಲೇ ಜವರಯ್ಯ ಬಗ್ಗಿ ನೋಡಿದರು. “ಅಯ್ಯೋ, ನೀವು ಸಿದ್ದರಾಜು ಮನೆಯವರಾ? ಅವತ್ತೇ ಹೆಸರು ಹೇಳಿದ್ರೆ ಅವತ್ತೇ ಹೇಳ್ತಿದ್ದೆನಲ್ಲಮ್ಮ. ನಿಮ್ಮನೆ ಜಾಗ ತುಂಬಿ ಹೋಗ್ಯದೆ.”

“ನಮ್ಮನೇಲಿ ಯಾರೂ ಬಂದಿಲ್ವಲ್ಲ ಸ್ವಾಮಿ.”

“ಪರಿಹಾರದ ದುಡ್ಡು ತಗೊಂಡ ದಿವ್ಸಾನೇ ಸಿದ್ದರಾಜು ಅಕ್ಕನ ಮಗನ್ನ ಕರ್ಕೊಂಡು ಬಂದಿದ್ದ. ಪ್ರಭುಸ್ವಾಮಿ ಅಂತ. ನಮ್ಮನೆ ಕಡೆಯಿಂದ ಇವನೇ ಅಂತ ತೋರಿಸಿ ಹೋದ.”

“ನಾನು ಹೆಂಡ್ತಿ.”

“ಇರಬಹುದು ಕಣಮ್ಮ. ಹಕ್ಕು ನಿಮ್ದಲ್ಲ, ಸಿದ್ದರಾಜೂದು. ಅವನು ಯಾರನ್ನ ತೋರಿಸ್ತಾನೋ ಅವ್ರಿಗೆ. ಈಗ ಬದಲಾಯಿಸೋಕೆ ಬರೋದಿಲ್ಲ.”

ಹಿಂದಿನವರು ಅವಳನ್ನು ಪಕ್ಕಕ್ಕೆ ಸರಿಸಿದರು. ಸರಿದಳು. ಅಷ್ಟು ಹೊತ್ತಿಗೆ ಗೇಟಿನೊಳಗೆ ಖಾಕಿ ಚಡ್ಡಿ ಹಾಕಿಕೊಂಡ ಪ್ರಭುಸ್ವಾಮಿ ಯಾರದೋ ಹೆಗಲ ಮೇಲೆ ಕೈಹಾಕಿ ಹೋಗುವುದು ಕಂಡಿತು. ಅವನು ಅತ್ತೆಯನ್ನು ನೋಡಲಿಲ್ಲ.

ನಡೆದುಕೊಂಡೇ ಮನೆಗೆ ಬಂದಳು. ಕೆಲಸ ಹೋದದ್ದು ದೊಡ್ಡದಲ್ಲ. ಬಡವರಿಗೆ ಕೆಲಸ ಸಿಗದೆ ಹೋಗುವುದು ಅಭ್ಯಾಸ. ಪರಿಹಾರದ ಹಣವನ್ನು ಮಡಿಲಿನಿಂದ ತೆಗೆದು ಕೈಗೆ ಹಾಕಿದನಲ್ಲ, ಆ ದಿನವೇ. ಅದೇ ದಿನವೇ. ಆಮೇಲೆ ನೂಲು ತಂದುಕೊಟ್ಟ. ಸಾಕಾ ಎಂದು ಕೇಳಿದ. ಗಂಟನ್ನು ಬೆಳಕಿಗೆ ಹಿಡಿದು ಚೆನ್ನಾಗಿದೆ ಎಂದ. ಬೆಲ್ಲದ ಕಾಫಿ ಕುಡಿದ. ಇದನ್ನೆಲ್ಲ ನೆನೆದು ಅವಳಿಗೆ ದಾರಿಯಲ್ಲೇ ಅಳು ಬಂತು. ಅಳುವುದಕ್ಕೂ ನಾಚಿಕೆಯಾಯಿತು, ಹಸಿರು ಸೀರೆ ಉಟ್ಟು ಬೀದಿಯಲ್ಲಿ ಅಳುವ ಹೆಂಗಸನ್ನು ಜನ ನಿಂತು ನೋಡುತ್ತಾರೆ.

ಬೆಟ್ಟಮ್ಮ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆಯ ಮುಖ ನೋಡಿದ ಕೂಡಲೇ ತಿಳಿಯಿತು.

“ನಿಮಗೆ ಗೊತ್ತಿತ್ತು” ಎಂದಳು ಶಿವನಂಜಮ್ಮ.

“ನಾನೇ ಕೇಳ್ದೆ. ಕದ್ದು ಕೇಳ್ಲಿಲ್ಲ, ನನ್ ಮಗನ್ನ ನಾನು ಕೇಳ್ದೆ. ನನ್ ಮಗಳು ಕಂಡೋರ ಮನೆ ಎಂಜಲು ಬಳೀತಾಳೆ. ಅವಳ ಮಗ ಒಂದು ದಾರೀಗೆ ಬರಲಿ ಅಂತ ಕೇಳ್ದೆ.”

“ನನಗೆ ಹೇಳಬೋದಿತ್ತು.”

“ಹೇಳು ಅಂತ ಅವನಿಗೆ ದಿನಾ ಹೇಳ್ದೆ. ಅವನು ಹೇಳ್ಲಿಲ್ಲ. ನೀನು ನೂಲು ಹಿಡ್ಕೊಂಡು ಕೂತಾಗೆಲ್ಲ ನಿದ್ದೆ ಮಾಡು ಅಂದೆನಲ್ಲ, ನಾನು ಇನ್ನೆಂಗೆ ಹೇಳ್ಬೇಕಿತ್ತು?”

ಸಿದ್ದರಾಜು ಕತ್ತಲಾಗುವ ಹೊತ್ತಿಗೆ ಬಂದ. ಮೈಯೆಲ್ಲ ಸೌದೆಯ ಪುಡಿ. ಹೆಂಡತಿ ಒಲೆಯ ಮುಂದೆ ಕೂತಿದ್ದಳು. ಚಾಮುಂಡೇಶ್ವರಿ ಪುಸ್ತಕ ಮುಚ್ಚಿ ಗೋಡೆಯ ಪಕ್ಕ ನಿಂತಿದ್ದಳು.

“ಗೇಟಿಗೆ ಹೋಗಿದ್ದೆ” ಎಂದಳು ಶಿವನಂಜಮ್ಮ.

“ಗೊತ್ತು.”

“ಗೊತ್ತಿದ್ದೂ ಕಳ್ಸಿದ್ರಿ.”

“ಹೇಳೋಣ ಅಂತ ನಿನ್ನೆ ಬಂದೆ.”

“ನಿನ್ನೆ ಬಂದ್ರಿ. ನೂಲು ತಂದುಕೊಟ್ಟ ದಿನ ಏನಾಗಿತ್ತು ನಿಮ್ಮ ಬಾಯಿಗೆ?”

“ನೀನು ಕೇಳ್ದೆ, ತಂದುಕೊಟ್ಟೆ. ನೀನು ನಗ್ತಾ ಇದ್ದೆ ಕಣೆ. ಎಷ್ಟು ದಿವ್ಸದ ಮೇಲೆ ನಗ್ತಾ ಇದ್ದೆ. ಹೇಳೋಕೆ ಮನಸ್ಸು ಬರಲಿಲ್ಲ.”

ಅವನು ನಿಜವನ್ನೇ ಹೇಳುತ್ತಿದ್ದ. ಅದೇ ಅವಳಿಗೆ ಹೆಚ್ಚು ನೋವಾದದ್ದು. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಅವನ ಕರುಣೆಗೂ ಮೋಸಕ್ಕೂ ನಡುವೆ ಬೆರಳು ತೂರಿಸಲು ಜಾಗವಿರಲಿಲ್ಲ.

“ಮನೆ ಜಾಗ ಮನೇಲೇ ಅದೆ ಬುಡು” ಎಂದು ಅವನು ಸಮಾಧಾನ ಮಾಡಲು ಹೋದ. “ಪ್ರಭು ಬೇರೆಯವ್ನಾ? ನಾಳೆ ನಮ್ಮ ಚಾಮುಂಡಿಗೆ ಗಂಡ ಆಗೋನು. ಅಕ್ಕನೂ ಅವ್ವನೂ ಮಾತಾಡವ್ರೆ. ಬರೋ ಬೇಸಿಗೇಲಿ ಮಾಡ್ಬುಟ್ರೆ, ಕೆಲಸ ನಮ್ಮ ಮಗಳ ಮನೇಲೇ ಉಳ್ಕೊತದೆ. ಅದನ್ನೆಲ್ಲ ಯೋಚ್ನೆ ಮಾಡೇ ಕೊಟ್ಟೆ.”

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಯಾರೂ ಹಿಟ್ಟು ಹಾಕಲಿಲ್ಲ.

“ನನ್ನನ್ನ ಯಾರೂ ಕೇಳಲಿಲ್ಲ” ಎಂದಳು ಚಾಮುಂಡೇಶ್ವರಿ.

“ನಿನ್ನನ್ನೇನು ಕೇಳೋದು? ಸೋದರತ್ತೆ ಮಗ. ನಮ್ಮಲ್ಲಿ ನಡ್ಕೊಂಡು ಬಂದದ್ದೇ ಅದು” ಎಂದಳು ಬೆಟ್ಟಮ್ಮ.

“ನನ್ನನ್ನೂ ಯಾರೂ ಕೇಳಲಿಲ್ಲ” ಎಂದಳು ಶಿವನಂಜಮ್ಮ. “ಇವಳು ಓದಲಿ ಅಂತ ನಾನು ಬೆರಳು ಸವೆಸ್ತಾ ಕೂತಿದ್ದೆ. ಅದೇ ಕೆಲಸ ಕೊಟ್ಟು ಇವಳಿಗೆ ಗಂಡನ್ನ ತಂದಿದ್ದೀರಿ. ನನ್ನ ಎದುರಿಗೆ ಕೂತ್ಕೊಂಡು, ನೋಡ್ತಾ ನೋಡ್ತಾ.”

ಆ ದಿನ ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ, ಬೆಟ್ಟಮ್ಮ ಒಬ್ಬಳು ಬೆಳಗಿನ ತಂಗಳು ತಿಂದು ಮಲಗಿದಳು.

ಮುಂದಿನ ವಾರ ಲಕ್ಷ್ಮಮ್ಮ ಅವಳನ್ನು ಮಂಡಿಮೊಹಲ್ಲಾದಲ್ಲಿ ನೂಲು ಸುತ್ತುವ ಒಂದು ಖಾಸಗಿ ಶೆಡ್ಡಿಗೆ ಕರೆದುಕೊಂಡು ಹೋದಳು. ಅಲ್ಲಿಯ ಸಂಬಳ ಗಿರಣಿಯ ಅರ್ಧವೂ ಇಲ್ಲ. ಪರಿಹಾರ, ಫಂಡು, ಸಂಘ, ಯಾವುದೂ ಇಲ್ಲ. ಸಾಹುಕಾರ ಬೇಡವೆಂದ ದಿನ ಮನೆಗೆ ಹೋಗಬೇಕು. ಶಿವನಂಜಮ್ಮ ಸೇರಿಕೊಂಡಳು. ಬೆಳಿಗ್ಗೆ ಅಡುಗೆ ಮಾಡಿ ಮುಚ್ಚಿಟ್ಟು, ತನ್ನ ಡಬ್ಬಿ ಹಿಡಿದು ಹೋಗುವಳು. ಸಂಜೆ ರೆಪ್ಪೆಯ ಮೇಲೆಲ್ಲ ಹತ್ತಿಯ ಧೂಳು ಹೊತ್ತು ಬರುವಳು. ಗಂಡನ ಜೊತೆ ಬೇಕಾದಷ್ಟೇ ಮಾತು. ಸಾರು ಬೇಕಾ? ನೀರು ಬಂತಾ? ಬಾಗಿಲು ಹಾಕಿ. ಕೆಲಸದಿಂದ ತೆಗೆದ ಮೇಲೂ ಬಾಗದ ಸಿದ್ದರಾಜುವಿನ ತಲೆ ಈ ಮೂರು ಮಾತಿಗೆ ಬಾಗಿತು.

ಪ್ರಭುಸ್ವಾಮಿಗೆ ಮೊದಲ ತಿಂಗಳ ಸಂಬಳ ಬಂತು. ಅವನು ಬಂದು ಸೋದರಮಾವನ ಕಾಲಿಗೆ ಬೀಳುತ್ತಾನೆ ಎಂದು ಬೆಟ್ಟಮ್ಮ ಅಂಗಳ ಗುಡಿಸಿ ಕಾದಳು. ಬರಲಿಲ್ಲ. ಎರಡನೆಯ ತಿಂಗಳೂ ಬರಲಿಲ್ಲ. ಸಂಕ್ರಾಂತಿಯ ಮಾರನೆಯ ದಿನ ದೇವಿರಮ್ಮ ಒಬ್ಬಳೇ ಎಳ್ಳು ಬೆಲ್ಲ ಹಿಡಿದು ಬಂದಳು. ಹೊಸ ಸೀರೆ ಉಟ್ಟಿದ್ದಳು. ಎಲ್ಲರಿಗೂ ಎಳ್ಳು ಕೊಟ್ಟು, ಕೂತು, ಸೆರಗಿನ ಅಂಚು ಸುತ್ತುತ್ತ ಹೇಳಿದಳು.

“ಪ್ರಭುಗೆ ನಂಜನಗೂಡು ಕಡೆಯಿಂದ ಒಂದು ಹೆಣ್ಣು ಬಂದದೆ ಕಣವ್ವ. ಗಿರಣಿ ಕೆಲಸ ಅಂದ್ಮೇಲೆ ಅವ್ರೇ ಹುಡುಕ್ಕೊಂಡು ಬಂದ್ರು. ಸೈಕಲ್ಲು, ವಾಚು ಕೊಡ್ತಾರಂತೆ. ಹುಡುಗನೂ ಒಪ್ಪವ್ನೆ.”

ಬೆಟ್ಟಮ್ಮನ ಕೈಯಲ್ಲಿ ಎಳ್ಳು ಹಾಗೆಯೇ ಉಳಿಯಿತು. “ನನಗೆ ಏನಂದಿದ್ದೆ ನೀನು?”

“ಅಂದಿದ್ದೆ ಕಣವ್ವ. ಚಾಮುಂಡಿ ಓದ್ತೀನಿ ಅಂತಾಳಲ್ಲ, ನಾನ್ಯಾಕೆ ಅಡ್ಡ ಬರಲಿ ಅಂತ.”

“ಅಕ್ಕ” ಎಂದ ಸಿದ್ದರಾಜು. “ನಾನು ಆ ಜಾಗ ನಿನ್ನ ಮಗನಿಗೆ ಕೊಟ್ಟದ್ದು ಯಾಕೆ?”

“ನೀನು ಕೊಟ್ಟೆ, ನಾನು ಇಲ್ಲ ಅಂದ್ನಾ? ನಿನ್ನ ಉಪಕಾರ ಮರೆಯೋದಿಲ್ಲ ತಮ್ಮ” ಎಂದು ದೇವಿರಮ್ಮ ಕಣ್ಣೊರೆಸಿಕೊಂಡಳು. ಆ ಕಣ್ಣೀರು ನಿಜವೇ. ಬೇಗ ಹೊರಡಲೆಂದು ಬೀದಿಯ ತುದಿಯಲ್ಲಿ ಜಟಕಾ ಒಂದನ್ನು ಕಾಯಲು ಹೇಳಿ ಬಂದದ್ದೂ ನಿಜ.

ಅವಳು ಹೋದ ಮೇಲೆ ಚಾಮುಂಡೇಶ್ವರಿ ಹಿತ್ತಲಿಗೆ ಓಡಿ ಹೋಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಶಿವನಂಜಮ್ಮನಿಗೂ ಎದೆಯ ಮೇಲಿನ ಭಾರ ಇಳಿಯಿತು. ಮಗಳು ಉಳಿದಳು. ಆದರೆ ಗಂಡನನ್ನು ನೋಡಿ ನಗು ಬರಲಿಲ್ಲ, ಪಾಪ ಎಂದೂ ಅನ್ನಿಸಲಿಲ್ಲ. ಹೀಗೆ ಪಾಪ ಎನ್ನಿಸದೆ ಇರುವುದು ಅವಳಿಗೇ ಹೊಸದು. ಸಿದ್ದರಾಜು ಕಂಬಕ್ಕೆ ಒರಗಿ, ದೀಪ ಹಚ್ಚುವವರೆಗೂ ಅಲ್ಲೇ ಕೂತಿದ್ದ.

ಊಟದ ಹೊತ್ತಿಗೆ ಅವನು ಮೆಲ್ಲಗೆ ಬಾಯಿ ತೆರೆದ. “ಫಂಡಿನ ದುಡ್ಡು ಮಂಜೂರಾಗ್ಯದೆ. ಬರೋ ಶುಕ್ರವಾರ ಕೊಡ್ತಾರೆ. ಇವತ್ತು ಡಿಪೋದಿಂದ ಬರೋವಾಗ ಕೇಳ್ಕೊಂಡು ಬಂದೆ. ಒಂದು ಕಾಸೂ ಯಾರಿಗೂ ಒಪ್ಕೊಂಡಿಲ್ಲ. ಅಕ್ಕನಿಗೂ ಇಲ್ಲ, ಅವ್ವನಿಗೂ ಇಲ್ಲ. ಎಲ್ಲಾ ಚಾಮುಂಡಿ ಓದಿಗೆ. ಅದನ್ನ ನಿನ್ನ ಕೈಗೇ ಕೊಡ್ತೀನಿ.”

ನಾಳೆ ಹೇಳೋಣ ಎನ್ನದೆ ಅವನು ತಾನಾಗಿಯೇ ಹೇಳಿದ ಮೊದಲ ಸಂಗತಿ ಅದು. ಶಿವನಂಜಮ್ಮ “ಸರಿ” ಎಂದು ಸಾರು ಬಡಿಸಿದಳು.

ಮರುದಿನ ಅವಳು ಶೆಡ್ಡಿಗೆ ಅರ್ಧ ದಿನ ರಜಾ ಹೇಳಿದಳು. ಅರ್ಧ ದಿನದ ಕೂಲಿ ಹೋಗುತ್ತದೆ ಎಂದು ಗೊತ್ತಿದ್ದೇ ಹೇಳಿದಳು. ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಹೋಗಿ ಜವರಯ್ಯನನ್ನು ವಿಚಾರಿಸಿದಳು. ಅವರು ಅವಳನ್ನು ಗುರುತು ಹಿಡಿದು, ಕಡತ ತೆಗೆದು ನೋಡಿ, “ಹೌದು ಕಣಮ್ಮ, ಶುಕ್ರವಾರ ಕೊಡ್ತಾರೆ. ಯಾರೂ ಅದರ ಮೇಲೆ ಕೈ ಹಾಕಿಲ್ಲ” ಎಂದರು. ಅವಳು ಇನ್ನೊಮ್ಮೆ ಕೇಳಿದಳು. ಅವರು ಇನ್ನೊಮ್ಮೆ ಹೇಳಿದರು.

ಅವಳು ಮನೆಗೆ ಬಂದಾಗ ಸಿದ್ದರಾಜು ಬಾಗಿಲಲ್ಲೇ ನಿಂತಿದ್ದ. ಡಿಪೋಗೆ ಅಂದು ಲಾರಿ ಬಂದಿರಲಿಲ್ಲ.

“ಎಲ್ಲಿಗೆ ಹೋಗಿದ್ದೆ? ಶೆಡ್ಡಲ್ಲಿ ಕೇಳ್ದೆ, ಇಲ್ಲ ಅಂದ್ರು.”

“ಸಂಘದ ಆಫೀಸಿಗೆ. ಫಂಡಿನ ವಿಷಯ ಕೇಳೋಕೆ.”

“ನಾನು ಹೇಳಿದ್ದೆನಲ್ಲ.”

“ಹೂಂ.”

“ಏನಂದ್ರು?”

“ನೀವು ಹೇಳಿದ್ದು ನಿಜವಂತೆ.”

ಸಿದ್ದರಾಜುವಿನ ಮುಖ ಎಷ್ಟೋ ದಿನದ ಮೇಲೆ ಅರಳಿತು. ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. “ನೋಡಿದೆಯಾ? ಇನ್ನಾದ್ರೂ ನಂಬ್ತೀಯಲ್ಲ?”

ಶಿವನಂಜಮ್ಮ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು.

“ಮುಂದಿನ ಸಲಾನೂ ಹೇಳಿ” ಎಂದಳು. “ಮುಂದಿನ ಸಲಾನೂ ಹೋಗಿ ಕೇಳ್ಕೊಂಡು ಬತ್ತೀನಿ.”